ಮಹಾವೀರಾಚಾರ್ಯ

ಮಹಾವೀರಾಚಾರ್ಯರು ಕ್ರಿ.ಶ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟರ ಆಳ್ವಿಕೆಯ ಕಾಲದಲ್ಲಿದ್ದ ಜೈನ ಗಣಿತಜ್ಞರು. ಸಂಸ್ಕೃತದಲ್ಲಿ ಪದ್ಯರೂಪವಾಗಿ ರಚಿತವಾದ 'ಗಣಿತಸಾರಸಂಗ್ರಹ' ಇವರ ಪ್ರಸಿದ್ಧ ಕೃತಿ. ಚಕ್ರವರ್ತಿ ಅಮೋಘವರ್ಷ ನೃಪತುಂಗನ ಸಮಕಾಲೀನರಾದ ಇವರು ಕ್ರಿ.ಶ. 850ರ ಸುಮಾರಿನಲ್ಲಿ ಈ ಗ್ರಂಥವನ್ನು ರಚಿಸಿದರೆಂದು ವಿದ್ವಾಂಸರು ನಿರ್ಧರಿಸಿದ್ದಾರೆ. ಭಿನ್ನರಾಶಿಗಳ ವರ್ಗೀಕರಣ, ಪೂರ್ಣಾಂಕದೊಡನೆ ಭಿನ್ನರಾಶಿ ಕೂಡಿದ ಮಿಶ್ರ ಸಂಖ್ಯೆಗಳ ಪರಿವರ್ತನೆ, ಛೇದಗಳನ್ನು ಸಮಗೊಳಿಸಲು ಲಘುತಮ ಸಾಮಾನ್ಯ ಅಪವರ್ತ್ಯದ ಬಳಕೆ, ಸಂಯೋಜನೆಗಳ ಸಂಖ್ಯೆಯನ್ನು ಕಂಡುಹಿಡಿಯುವ ಸಾಮಾನ್ಯ ಸೂತ್ರ ಮುಂತಾದವುಗಳಿಂದ ಇವರು ಭಾರತೀಯ ಗಣಿತದ ಇತಿಹಾಸದಲ್ಲಿ ವಿಶಿಷ್ಟ ಸ್ಥಾನ ಪಡೆದಿದ್ದಾರೆ. ಜೈನಧರ್ಮದ 24ನೆಯ ತೀರ್ಥಂಕರನಾದ ವರ್ಧಮಾನ ಮಹಾವೀರನು ಇವರಿಗಿಂತ ಸಾವಿರಕ್ಕೂ ಹೆಚ್ಚು ವರ್ಷಗಳಷ್ಟು ಹಿಂದಿನವನು. ಹೆಸರಿನ ಸಾಮ್ಯದಿಂದ ಇಬ್ಬರನ್ನೂ ಒಂದಾಗಿ ಎಣಿಸಬಾರದು.

ಕಾಲ ಮತ್ತು ಪರಿಸರ

ಮಹಾವೀರಾಚಾರ್ಯರು ತಮ್ಮ ಗ್ರಂಥದಲ್ಲಿ ತಂದೆತಾಯಿಗಳ ಹೆಸರನ್ನಾಗಲಿ ಹುಟ್ಟಿದ ಊರನ್ನಾಗಲಿ ಹೇಳಿಕೊಂಡಿಲ್ಲ. ಅವರ ಕಾಲವನ್ನು ಗೊತ್ತುಮಾಡಲು ನೆರವಾಗುವುದು ಗ್ರಂಥದ ಆರಂಭಭಾಗ. ಅಲ್ಲಿ ಜಿನೇಂದ್ರನಿಗೆ ವಂದನೆ ಸಲ್ಲಿಸಿದ ಬಳಿಕ ಕವಿ ನೃಪತುಂಗನ ಆಳ್ವಿಕೆಯನ್ನು ಹಲವು ಪದ್ಯಗಳಲ್ಲಿ ಕೊಂಡಾಡಿ, ಆತನನ್ನು ಸ್ಯಾದ್ವಾದದ ಅನುಯಾಯಿಯೆಂದು ಬಣ್ಣಿಸಿದ್ದಾರೆ. ಅಮೋಘವರ್ಷನು ಕ್ರಿ.ಶ. 814ರ ಸುಮಾರಿನಿಂದ 878ರವರೆಗೆ, ಆರು ದಶಕಗಳಿಗೂ ಹೆಚ್ಚು ಕಾಲ ಆಳಿದನು. ಆತನ ರಾಜಧಾನಿ ಮಾನ್ಯಖೇಟ. ಇಂದು ಮಳಖೇಡ ಎನ್ನಲಾಗುವ ಈ ಊರು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿದೆ.

ಅದು ಕನ್ನಡ ನಾಡಿನಲ್ಲಿ ವಿದ್ಯೆಗೆ ವಿಶೇಷ ಮನ್ನಣೆ ದೊರೆತ ಕಾಲ. ಕನ್ನಡದಲ್ಲಿ ಇಂದು ಉಪಲಬ್ಧವಿರುವ ಅತ್ಯಂತ ಹಳೆಯ ಗ್ರಂಥವಾದ 'ಕವಿರಾಜಮಾರ್ಗ'ವು ನೃಪತುಂಗನ ಆಸ್ಥಾನದಲ್ಲಿಯೇ ರೂಪುಗೊಂಡಿತು. 'ಆದಿಪುರಾಣ'ವನ್ನು ಸಂಸ್ಕೃತದಲ್ಲಿ ಆರಂಭಿಸಿದ ಜಿನಸೇನಾಚಾರ್ಯರು ದೊರೆಯ ಗುರುಗಳೆಂದು ಪ್ರಸಿದ್ಧರು. ಜಿನಸೇನರ ಗುರುಗಳಾದ ವೀರಸೇನರ 'ಧವಳಾ' ಟೀಕೆಯಲ್ಲಿಯೂ ಗಣಿತದ ವಿಚಾರಗಳು ವಿಪುಲವಾಗಿವೆ. ಲೋಕದ ವಿಸ್ತಾರ, ಕಾಲದ ಪರಿಮಾಣ, ಜೀವರಾಶಿಗಳ ಎಣಿಕೆ ಇವುಗಳನ್ನು ವಿವರಿಸಲು ಜೈನ ಆಚಾರ್ಯರಿಗೆ ದೊಡ್ಡ ಸಂಖ್ಯೆಗಳೂ ಸೂಕ್ಷ್ಮವಾದ ಭಾಗಗಳೂ ಬೇಕಾಗಿದ್ದವು. ಹೀಗಾಗಿ ಗಣಿತವು ಅವರ ಶಾಸ್ತ್ರಾಭ್ಯಾಸದ ಅಂಗವೇ ಆಗಿತ್ತು. ಮಹಾವೀರಾಚಾರ್ಯರು ಬೆಳೆದುಬಂದದ್ದು ಈ ಪರಂಪರೆಯಲ್ಲಿ.

ಗಣಿತಸಾರಸಂಗ್ರಹ

ಇದಕ್ಕೆ ಮೊದಲು ಆರ್ಯಭಟ, ಬ್ರಹ್ಮಗುಪ್ತ ಮುಂತಾದವರ ಕೃತಿಗಳಲ್ಲಿ ಗಣಿತವು ಖಗೋಳಶಾಸ್ತ್ರದ ಗ್ರಂಥದೊಳಗಿನ ಒಂದೆರಡು ಅಧ್ಯಾಯಗಳಾಗಿ ಬರುತ್ತಿತ್ತು. ಗಣಿತಸಾರಸಂಗ್ರಹವಾದರೋ ಆದ್ಯಂತವಾಗಿ ಗಣಿತಕ್ಕೇ ಮೀಸಲಾದ ಗ್ರಂಥ. ಸಾವಿರದ ನೂರಕ್ಕೂ ಹೆಚ್ಚು ಪದ್ಯಗಳಿರುವ ಇದರಲ್ಲಿ ಒಂಬತ್ತು ಅಧ್ಯಾಯಗಳಿವೆ: ಸಂಜ್ಞೆ, ಪರಿಕರ್ಮ, ಕಲಾಸವರ್ಣ, ಪ್ರಕೀರ್ಣಕ, ತ್ರೈರಾಶಿಕ, ಮಿಶ್ರಕ, ಕ್ಷೇತ್ರಗಣಿತ, ಖಾತ ಮತ್ತು ಛಾಯಾ.

ಸಂಜ್ಞಾಧ್ಯಾಯದಲ್ಲಿ ಗ್ರಂಥಕಾರರು ಗಣಿತದ ಪ್ರಯೋಜನವನ್ನು ವಿವರಿಸುತ್ತಾರೆ. ವ್ಯಾಪಾರ, ಸಂಗೀತ, ನಾಟಕ, ಪಾಕಶಾಸ್ತ್ರ, ವೈದ್ಯ, ವಾಸ್ತು, ಛಂದಸ್ಸು, ವ್ಯಾಕರಣ, ಗ್ರಹಣಗಳ ಗಣನೆ ಹೀಗೆ ಎಲ್ಲ ವಿದ್ಯೆಗಳಿಗೂ ಗಣಿತ ಬೇಕೆಂಬುದು ಅವರ ಅಭಿಪ್ರಾಯ. ತಾವು ಹೊಸದನ್ನು ಸೃಷ್ಟಿಸಿದ್ದೇವೆಂದು ಅವರು ಹೇಳಿಕೊಳ್ಳುವುದಿಲ್ಲ. ಹಿಂದಿನ ಆಚಾರ್ಯರಿಂದ ಬಂದ ಸಾಗರದಂತಹ ವಿದ್ಯೆಯಿಂದ ಸಾರವನ್ನಷ್ಟೇ ಆರಿಸಿ ಕೊಟ್ಟಿರುವುದಾಗಿ ವಿನಯದಿಂದ ತಿಳಿಸುತ್ತಾರೆ. ಗ್ರಂಥದ ಹೆಸರು ಇದನ್ನೇ ಸೂಚಿಸುತ್ತದೆ. ಇದೇ ಅಧ್ಯಾಯದಲ್ಲಿ ಉದ್ದ, ಕಾಲ, ಧಾನ್ಯ, ಚಿನ್ನ, ಬೆಳ್ಳಿ ಮೊದಲಾದವುಗಳ ಅಳತೆಗಳೂ, 'ಏಕ'ದಿಂದ 'ಮಹಾಕ್ಷೋಭ'ದವರೆಗೆ 24 ಸ್ಥಾನಗಳ ಹೆಸರುಗಳೂ ಬಂದಿವೆ.

ಪರಿಕರ್ಮಾಧ್ಯಾಯವು ಗುಣಾಕಾರದಿಂದ ಆರಂಭವಾಗಿ ಭಾಗಾಕಾರ, ವರ್ಗ, ವರ್ಗಮೂಲ, ಘನ, ಘನಮೂಲ ಹಾಗೂ ಶ್ರೇಢಿಗಳ ಸಂಕಲನ, ವ್ಯವಕಲನಗಳನ್ನು ನಿರೂಪಿಸುತ್ತದೆ. ಗುಣಲಬ್ಧದ ಅಂಕಿಗಳು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿ, ಮಣಿಗಳ ಹಾರದಂತೆ ಜೋಡಣೆಗೊಳ್ಳುವ ಲೆಕ್ಕಗಳು ಇಲ್ಲಿನ ಒಂದು ಆಕರ್ಷಣೆ. 27994681ನ್ನು 441ರಿಂದ ಗುಣಿಸಿದರೆ 12345654321 ಬರುತ್ತದೆ. 152207ನ್ನು 73ರಿಂದ ಗುಣಿಸಿದರೆ 11111111 ಬರುತ್ತದೆ.

ಕಲಾಸವರ್ಣ: ಭಿನ್ನರಾಶಿಗಳ ಅಧ್ಯಾಯ

ಗ್ರಂಥದ ಮೂರನೆಯ ಅಧ್ಯಾಯವು ಭಿನ್ನರಾಶಿಗಳನ್ನು ಕುರಿತದ್ದು. 'ಕಲಾ' ಎಂದರೆ ಭಾಗ, 'ಸವರ್ಣ' ಎಂದರೆ ಒಂದೇ ವರ್ಣಕ್ಕೆ ಸೇರಿದ್ದು. ಬೇರೆ ಬೇರೆ ಛೇದಗಳಿರುವ ಭಾಗಗಳನ್ನು ಒಂದೇ ಜಾತಿಗೆ ತರುವುದೇ ಕಲಾಸವರ್ಣ. ಭಿನ್ನರಾಶಿಗಳ ಗುಣಾಕಾರ, ಭಾಗಾಕಾರ, ವರ್ಗ, ಘನ, ಅವುಗಳ ಮೂಲಗಳು ಮತ್ತು ಭಿನ್ನರಾಶಿಗಳ ಶ್ರೇಢಿಗಳನ್ನು ವಿವರಿಸಿದ ನಂತರ ಮಹಾವೀರಾಚಾರ್ಯರು ಭಿನ್ನರಾಶಿಗಳನ್ನು ಆರು ಜಾತಿಗಳಾಗಿ ವಿಂಗಡಿಸುತ್ತಾರೆ:

1. ಭಾಗ – ಸರಳ ಭಿನ್ನರಾಶಿಗಳನ್ನು ಕೂಡುವುದು ಅಥವಾ ಕಳೆಯುವುದು.
2. ಪ್ರಭಾಗ – ಭಾಗದ ಭಾಗ. ಉದಾಹರಣೆಗೆ 2/3ರ ಅರ್ಧ, ಅಂದರೆ 1/3.
3. ಭಾಗಭಾಗ – ಭಿನ್ನರಾಶಿಯಿಂದ ಭಾಗಿಸುವುದು. ಉದಾಹರಣೆಗೆ 3ನ್ನು 1/4ರಿಂದ ಭಾಗಿಸಿದರೆ 12.
4. ಭಾಗಾನುಬಂಧ – ಪೂರ್ಣಾಂಕಕ್ಕೆ ಭಾಗವನ್ನು ಸೇರಿಸಿದ್ದು, ಅಥವಾ ಒಂದು ಭಿನ್ನರಾಶಿಗೆ ಅದರದೇ ಭಾಗವನ್ನು ಸೇರಿಸಿದ್ದು.
5. ಭಾಗಾಪವಾಹ – ಪೂರ್ಣಾಂಕದಿಂದ ಭಾಗವನ್ನು ಕಳೆದದ್ದು, ಅಥವಾ ಒಂದು ಭಿನ್ನರಾಶಿಯಿಂದ ಅದರದೇ ಭಾಗವನ್ನು ಕಳೆದದ್ದು.
6. ಭಾಗಮಾತೃ – ಮೇಲಿನ ಐದರಲ್ಲಿ ಎರಡು ಅಥವಾ ಹೆಚ್ಚು ಜಾತಿಗಳು ಬೆರೆತದ್ದು. ಇದರಲ್ಲಿ 26 ಬಗೆಗಳಿವೆ.

ಕೊನೆಯ ಜಾತಿಯ 26 ಎಂಬ ಎಣಿಕೆ ಸುಮ್ಮನೆ ಬಂದುದಲ್ಲ. ಐದು ಜಾತಿಗಳಲ್ಲಿ ಎರಡೆರಡನ್ನು 10 ವಿಧವಾಗಿಯೂ, ಮೂರು ಮೂರನ್ನು 10 ವಿಧವಾಗಿಯೂ, ನಾಲ್ಕು ನಾಲ್ಕನ್ನು 5 ವಿಧವಾಗಿಯೂ, ಐದನ್ನೂ ಒಟ್ಟಾಗಿ 1 ವಿಧವಾಗಿಯೂ ಆರಿಸಬಹುದು. ಇವುಗಳ ಮೊತ್ತವೇ 26.

ಭಿನ್ನರಾಶಿಗಳ ನಿಯಮಗಳು ಬ್ರಹ್ಮಗುಪ್ತನ ಗ್ರಂಥದಲ್ಲಿಯೂ (ಕ್ರಿ.ಶ. 628) ಇವೆ. ಅವುಗಳನ್ನು ವಿಸ್ತರಿಸಿ, ಪ್ರತಿಯೊಂದು ಜಾತಿಗೂ ಪ್ರತ್ಯೇಕ ಸೂತ್ರ ಮತ್ತು ಅದನ್ನು ಅನುಸರಿಸುವ ಹಲವಾರು ಲೆಕ್ಕಗಳನ್ನು ಒದಗಿಸಿ, ಕಲಿಯುವವನು ಹಂತ ಹಂತವಾಗಿ ಮುಂದುವರಿಯುವಂತೆ ಜೋಡಿಸಿದುದು ಮಹಾವೀರಾಚಾರ್ಯರ ವೈಶಿಷ್ಟ್ಯ.

ಭಾಗಾನುಬಂಧ ಮತ್ತು ಮಿಶ್ರ ಭಿನ್ನರಾಶಿ

ಇಂದಿನ ಶಾಲಾ ಪಠ್ಯಗಳಲ್ಲಿ ಮಿಶ್ರ ಭಿನ್ನರಾಶಿ ಎಂದು ಕಲಿಸಲಾಗುವುದು ಭಾಗಾನುಬಂಧ ಜಾತಿಯ ಮೊದಲ ಬಗೆ. ಪೂರ್ಣಾಂಕವನ್ನು ಛೇದದಿಂದ ಗುಣಿಸಿ ಅದಕ್ಕೆ ಅಂಶವನ್ನು ಕೂಡಿಸಬೇಕೆಂಬುದು ಗ್ರಂಥದ ಸೂತ್ರ. 3¾ ಎಂಬ ಸಂಖ್ಯೆಯಲ್ಲಿ 3ನ್ನು 4ರಿಂದ ಗುಣಿಸಿದರೆ 12; ಅದಕ್ಕೆ 3 ಕೂಡಿಸಿದರೆ 15. ಆದ್ದರಿಂದ ಅದು 15/4 ಎಂಬ ವಿಷಮ ಭಿನ್ನರಾಶಿಗೆ ಸಮ. ಮರಳಿ ಬರಲು 15ನ್ನು 4ರಿಂದ ಭಾಗಿಸಬೇಕು. ಭಾಗಲಬ್ಧ 3 ಪೂರ್ಣಾಂಕವಾಗಿಯೂ ಶೇಷ 3 ಅಂಶವಾಗಿಯೂ ನಿಲ್ಲುತ್ತದೆ.

ಸೂತ್ರದ ಹಿಂದಿನ ಕಾರಣ ಸರಳವಾದದ್ದು. ಒಂದು ಪೂರ್ಣದಲ್ಲಿ ನಾಲ್ಕು ಕಾಲುಗಳಿವೆ; ಮೂರು ಪೂರ್ಣಗಳಲ್ಲಿ ಹನ್ನೆರಡು ಕಾಲುಗಳು. ಅವುಗಳೊಡನೆ ಉಳಿದ ಮೂರು ಕಾಲುಗಳು ಸೇರಿ ಹದಿನೈದು ಕಾಲುಗಳಾಗುತ್ತವೆ. ಪೂರ್ಣವನ್ನೂ ಭಾಗವನ್ನೂ ಸವರ್ಣಗೊಳಿಸುವುದೆಂದರೆ ಇದೇ. ಕನ್ನಡದ ಆಡುಮಾತಿನಲ್ಲಿಯೂ ಈ ರಚನೆ ಸಹಜವಾಗಿದೆ: ಒಂದೂವರೆ, ಎರಡೂಕಾಲು, ಮೂರೂಮುಕ್ಕಾಲು ಎಂಬ ಪದಗಳಲ್ಲಿ ಪೂರ್ಣಾಂಕಕ್ಕೆ ಭಾಗವು ಅನುಬಂಧವಾಗಿ ಸೇರಿಕೊಂಡಿದೆ.

ಭಾಗಾಪವಾಹದಲ್ಲಿ ಕೂಡುವ ಬದಲು ಕಳೆಯಬೇಕು. ನಾಲ್ಕಕ್ಕೆ ಐದನೆಯ ಒಂದು ಭಾಗ ಕಡಿಮೆ ಎಂಬುದನ್ನು ಒಂದೇ ಭಿನ್ನರಾಶಿಯಾಗಿ ಬರೆಯಲು 4ನ್ನು 5ರಿಂದ ಗುಣಿಸಿ 1ನ್ನು ಕಳೆದರೆ 19 ಬರುತ್ತದೆ; ಉತ್ತರ 19/5. ಭಾಗಾನುಬಂಧದ ಎರಡನೆಯ ಬಗೆಯಲ್ಲಿ ಭಿನ್ನರಾಶಿಯೊಂದಕ್ಕೆ ಅದರದೇ ಭಾಗ ಸೇರುತ್ತದೆ. 2/3ಕ್ಕೆ ಅದರ ಕಾಲುಭಾಗವನ್ನು ಸೇರಿಸಬೇಕಾದರೆ ಛೇದಗಳಾದ 3 ಮತ್ತು 4ನ್ನು ಗುಣಿಸಬೇಕು. ಅಂಶವಾದ 2ನ್ನು 4 ಮತ್ತು 1ರ ಮೊತ್ತದಿಂದ ಗುಣಿಸಬೇಕು. ದೊರೆಯುವ 10/12ನ್ನು ಸಂಕ್ಷೇಪಿಸಿದರೆ 5/6.

ಆ ಕಾಲದ ಬರವಣಿಗೆಯಲ್ಲಿ ಅಂಶ ಮತ್ತು ಛೇದಗಳ ನಡುವೆ ಗೆರೆ ಇರುತ್ತಿರಲಿಲ್ಲ. ಅಂಶವನ್ನು ಮೇಲೆ, ಛೇದವನ್ನು ಕೆಳಗೆ ಬರೆಯುತ್ತಿದ್ದರು. ಮಿಶ್ರ ಸಂಖ್ಯೆಯಾದರೆ ಪೂರ್ಣಾಂಕ, ಅಂಶ, ಛೇದ ಈ ಮೂರನ್ನೂ ಒಂದರ ಕೆಳಗೊಂದರಂತೆ ಇರಿಸುತ್ತಿದ್ದರು. ಮೂರು ಸಾಲುಗಳನ್ನು ಎರಡು ಸಾಲುಗಳಿಗೆ ಇಳಿಸುವುದೇ ಸವರ್ಣೀಕರಣದ ಮೊದಲ ಕೆಲಸವಾಗಿತ್ತು.

ಈ ಕೆಲಸವನ್ನು ಏಕೆ ಮೊದಲೇ ಮಾಡಬೇಕೆಂಬುದು ಗುಣಾಕಾರದಲ್ಲಿ ಸ್ಪಷ್ಟವಾಗುತ್ತದೆ. 2½ನ್ನು 3⅓ರಿಂದ ಗುಣಿಸುವಾಗ ಪೂರ್ಣಾಂಕಗಳನ್ನು ಬೇರೆಯಾಗಿ, ಭಾಗಗಳನ್ನು ಬೇರೆಯಾಗಿ ಗುಣಿಸಿದರೆ 6 ಮತ್ತು 1/6 ಮಾತ್ರ ದೊರೆಯುತ್ತದೆ. ಇದು ತಪ್ಪು; ಏಕೆಂದರೆ ಮೊದಲ ಸಂಖ್ಯೆಯ ಪೂರ್ಣಾಂಕವನ್ನು ಎರಡನೆಯದರ ಭಾಗದಿಂದಲೂ, ಮೊದಲನೆಯದರ ಭಾಗವನ್ನು ಎರಡನೆಯದರ ಪೂರ್ಣಾಂಕದಿಂದಲೂ ಗುಣಿಸಬೇಕಾದದ್ದು ಬಿಟ್ಟುಹೋಗಿದೆ. ಎರಡನ್ನೂ 5/2 ಮತ್ತು 10/3 ಎಂದು ಪರಿವರ್ತಿಸಿಕೊಂಡರೆ ಈ ತೊಡಕು ಇರುವುದಿಲ್ಲ. ಗುಣಿಸುವ ಮುನ್ನ ಒಂದರ ಅಂಶವನ್ನೂ ಇನ್ನೊಂದರ ಛೇದವನ್ನೂ ಓರೆಯಾಗಿ ಸಂಕ್ಷೇಪಿಸುವ ವಿಧಾನವನ್ನು ಮಹಾವೀರಾಚಾರ್ಯರು 'ವಜ್ರಾಪವರ್ತನ' ಎನ್ನುತ್ತಾರೆ. ಇಲ್ಲಿ 2 ಮತ್ತು 10 ಇವುಗಳನ್ನು 2ರಿಂದ ಸಂಕ್ಷೇಪಿಸಿದರೆ 1 ಮತ್ತು 5 ಉಳಿಯುತ್ತವೆ. ಗುಣಲಬ್ಧ 25/3, ಅಂದರೆ 8⅓. ಭಾಗಾಕಾರಕ್ಕೆ ಭಾಜಕದ ಅಂಶ ಮತ್ತು ಛೇದಗಳನ್ನು ಅದಲುಬದಲು ಮಾಡಿ ಗುಣಾಕಾರದಂತೆಯೇ ಮುಂದುವರಿಯಬೇಕೆಂದು ಅವರು ವಿಧಿಸಿದ್ದಾರೆ. ಇಂದಿನ ತರಗತಿಗಳಲ್ಲಿಯೂ ಇದೇ ವಿಧಾನ ಬಳಕೆಯಲ್ಲಿದೆ.

ನಿರುದ್ಧ

ಭಿನ್ನರಾಶಿಗಳನ್ನು ಕೂಡುವಾಗ ಛೇದಗಳನ್ನೆಲ್ಲ ಪರಸ್ಪರ ಗುಣಿಸಿ ಸಮಛೇದ ಪಡೆಯುವುದು ಹಳೆಯ ಕ್ರಮ. ಅದರಿಂದ ಸಂಖ್ಯೆಗಳು ಅನಗತ್ಯವಾಗಿ ದೊಡ್ಡದಾಗುತ್ತವೆ. ಮಹಾವೀರಾಚಾರ್ಯರು ಛೇದಗಳ ಸಾಮಾನ್ಯ ಅಪವರ್ತನಗಳನ್ನೂ, ಅವುಗಳಿಂದ ಭಾಗಿಸಿದಾಗ ಉಳಿಯುವ ಲಬ್ಧಗಳನ್ನೂ ಗುಣಿಸಿ 'ನಿರುದ್ಧ'ವನ್ನು ಪಡೆಯಲು ಹೇಳಿದರು. ಇದು ಇಂದಿನ ಲಘುತಮ ಸಾಮಾನ್ಯ ಅಪವರ್ತ್ಯವೇ ಆಗಿದೆ. 5/6 ಮತ್ತು 3/8ನ್ನು ಕೂಡುವಾಗ 48ನ್ನು ಛೇದವಾಗಿ ತೆಗೆದುಕೊಂಡರೆ 58/48 ಬರುತ್ತದೆ, ಅದನ್ನು ಮತ್ತೆ ಸಂಕ್ಷೇಪಿಸಬೇಕು. 6 ಮತ್ತು 8ರ ಸಾಮಾನ್ಯ ಅಪವರ್ತನ 2, ಲಬ್ಧಗಳು 3 ಮತ್ತು 4. ಇವುಗಳ ಗುಣಲಬ್ಧ 24 ನಿರುದ್ಧ. ಆಗ 20/24 ಮತ್ತು 9/24 ಸೇರಿ ನೇರವಾಗಿ 29/24 ದೊರೆಯುತ್ತದೆ. ಭಾರತದಲ್ಲಿ ಈ ಕ್ರಮವನ್ನು ಭಿನ್ನರಾಶಿಗಳಿಗೆ ಮೊದಲು ಅಳವಡಿಸಿದವರು ಮಹಾವೀರಾಚಾರ್ಯರೆಂದು ಗಣಿತದ ಇತಿಹಾಸಕಾರರು ಗುರುತಿಸಿದ್ದಾರೆ.

ರೂಪಾಂಶಕ ರಾಶಿಗಳು

ಅಂಶದಲ್ಲಿ 1 ಇರುವ ಭಿನ್ನರಾಶಿಗಳನ್ನು ಗ್ರಂಥದಲ್ಲಿ 'ರೂಪಾಂಶಕ ರಾಶಿ' ಎಂದು ಕರೆಯಲಾಗಿದೆ. ಒಂದನ್ನು ಬೇಕಾದಷ್ಟು ರೂಪಾಂಶಕ ರಾಶಿಗಳ ಮೊತ್ತವಾಗಿ ಒಡೆಯುವ ಸೂತ್ರಗಳು ಇಲ್ಲಿವೆ. ಒಂದು ಸೂತ್ರದಂತೆ ಛೇದಗಳು ಒಂದರಿಂದ ಆರಂಭವಾಗಿ ಮೂರು ಮೂರು ಪಟ್ಟು ಬೆಳೆಯುತ್ತವೆ. ಮೊದಲನೆಯದನ್ನು 2ರಿಂದಲೂ ಕೊನೆಯದನ್ನು 2/3ರಿಂದಲೂ ಗುಣಿಸಬೇಕು. ಐದು ಭಾಗಗಳು ಬೇಕಾದರೆ 1, 3, 9, 27, 81 ಎಂಬ ಸಾಲು 2, 3, 9, 27, 54 ಎಂದಾಗುತ್ತದೆ. ಅಂದರೆ 1/2, 1/3, 1/9, 1/27 ಮತ್ತು 1/54 ಇವುಗಳ ಮೊತ್ತ 1. ಇಂತಹ ಸೂತ್ರಗಳನ್ನು ಸಾಮಾನ್ಯ ರೂಪದಲ್ಲಿ ನಿರೂಪಿಸಿದುದು ಈ ಅಧ್ಯಾಯದ ಮಹತ್ವದ ಕೊಡುಗೆಗಳಲ್ಲೊಂದು.

ಲೆಕ್ಕಗಳ ಸ್ವರೂಪ

ಮಹಾವೀರಾಚಾರ್ಯರ ಲೆಕ್ಕಗಳಲ್ಲಿ ಮಾವಿನಹಣ್ಣು, ಕಮಲ, ದುಂಬಿ, ಆನೆ, ನವಿಲು, ಬಸದಿಯ ಪೂಜೆ, ವರ್ತಕರ ಸರಕು ಎಲ್ಲವೂ ಬರುತ್ತವೆ. ಪ್ರಕೀರ್ಣಕ ಅಧ್ಯಾಯದ ಒಂದು ಲೆಕ್ಕದಲ್ಲಿ ಮಾವಿನಹಣ್ಣುಗಳ ರಾಶಿಯಿಂದ ರಾಜನು 1/6 ಭಾಗವನ್ನೂ, ಉಳಿದುದರಲ್ಲಿ ರಾಣಿ 1/5 ಭಾಗವನ್ನೂ, ಆಮೇಲೆ ಮೂವರು ರಾಜಕುಮಾರರು ಆಗಾಗ ಉಳಿದುದರಲ್ಲಿ ಕ್ರಮವಾಗಿ 1/4, 1/3 ಮತ್ತು 1/2 ಭಾಗಗಳನ್ನೂ ತೆಗೆದುಕೊಳ್ಳುತ್ತಾರೆ. ಕೊನೆಯ ಮಗುವಿಗೆ ಮೂರು ಹಣ್ಣುಗಳು ಉಳಿಯುತ್ತವೆ. ಮೊದಲಿದ್ದ ಹಣ್ಣುಗಳು 18. ಭಾಗಗಳು ಬೇರೆ ಬೇರೆಯಾಗಿ ಕಂಡರೂ ಪ್ರತಿಯೊಬ್ಬರಿಗೂ ಮೂರೇ ಹಣ್ಣು ದೊರೆತಿರುವುದು ಲೆಕ್ಕ ಬಿಡಿಸಿದವನಿಗೆ ಮಾತ್ರ ತಿಳಿಯುತ್ತದೆ.

ಇನ್ನೊಂದು ಪ್ರಸಿದ್ಧ ಲೆಕ್ಕ ವಸಂತ ಋತುವಿನ ರಾತ್ರಿಯಲ್ಲಿ ದಂಪತಿಗಳ ಪ್ರಣಯಕಲಹದಲ್ಲಿ ಕಡಿದುಹೋದ ಮುತ್ತಿನ ಹಾರದ್ದು. ಮುತ್ತುಗಳಲ್ಲಿ 1/3 ಭಾಗ ದಾಸಿಯ ಬಳಿಗೆ ಉರುಳುತ್ತದೆ, 1/6 ಭಾಗ ಹಾಸಿಗೆಯ ಮೇಲೆ ಬೀಳುತ್ತದೆ. ಉಳಿದುದರ ಅರ್ಧ, ಅದರಲ್ಲಿ ಉಳಿದುದರ ಅರ್ಧ ಹೀಗೆ ಆರು ಬಾರಿ ಚೆದುರಿದ ಮೇಲೆ 1161 ಮುತ್ತುಗಳು ಉಳಿಯುತ್ತವೆ. ಮೊದಲ ಎರಡು ಭಾಗಗಳು ಹೋದಾಗ ಉಳಿಯುವುದು ಅರ್ಧ. ಅದನ್ನು ಆರು ಬಾರಿ ಅರ್ಧಿಸಿದರೆ 1/128. ಆದ್ದರಿಂದ ಹಾರದಲ್ಲಿದ್ದ ಮುತ್ತುಗಳು 1161ರ 128 ಪಟ್ಟು, ಅಂದರೆ 148608.

ಇತರ ಕೊಡುಗೆಗಳು

ಕೆಲವು ವಸ್ತುಗಳಿಂದ ನಿರ್ದಿಷ್ಟ ಸಂಖ್ಯೆಯ ವಸ್ತುಗಳನ್ನು ಎಷ್ಟು ವಿಧವಾಗಿ ಆರಿಸಬಹುದೆಂಬುದಕ್ಕೆ ಮಹಾವೀರಾಚಾರ್ಯರು ಸಾಮಾನ್ಯ ಸೂತ್ರವನ್ನು ಕೊಟ್ಟರು. ಋಣ ಸಂಖ್ಯೆಯು ಯಾವ ಸಂಖ್ಯೆಯ ವರ್ಗವೂ ಆಗಲಾರದು, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿದರು. ಬಡ್ಡಿ, ಚಿನ್ನದ ಬೆರಕೆ, ಕುಟ್ಟೀಕಾರ ಸಮೀಕರಣಗಳು, ಚತುರ್ಭುಜಗಳ ಕ್ಷೇತ್ರಫಲ, ಗುಂಡಿಗಳ ಘನಫಲ, ನೆರಳಿನಿಂದ ಎತ್ತರವನ್ನು ಅಳೆಯುವುದು ಮುಂತಾದ ವಿಷಯಗಳೂ ಗ್ರಂಥದಲ್ಲಿವೆ. ವೃತ್ತದ ಪರಿಧಿಗೆ ಸ್ಥೂಲವಾಗಿ ವ್ಯಾಸದ 3 ಪಟ್ಟನ್ನೂ, ಸೂಕ್ಷ್ಮವಾಗಿ 10ರ ವರ್ಗಮೂಲದಷ್ಟು ಪಟ್ಟನ್ನೂ ಬಳಸಲಾಗಿದೆ. 'ಆಯತವೃತ್ತ' ಎಂಬ ಹೆಸರಿನಲ್ಲಿ ದೀರ್ಘವೃತ್ತದ ಪರಿಧಿಗೂ ಒಂದು ಅಂದಾಜು ಸೂತ್ರ ಕೊಡಲಾಗಿದೆ.

ಗ್ರಂಥದಲ್ಲಿ ದೋಷಗಳೂ ಇವೆ. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆಂಬ ಹೇಳಿಕೆ ಸರಿಯಲ್ಲ. ಆಧುನಿಕ ಗಣಿತದಲ್ಲಿ ಸೊನ್ನೆಯಿಂದ ಭಾಗಾಕಾರಕ್ಕೆ ಅರ್ಥವೇ ಇಲ್ಲ. ದೀರ್ಘವೃತ್ತದ ಕ್ಷೇತ್ರಫಲಕ್ಕೆ ಹೇಳಿದ ಸೂತ್ರವೂ ಸರಿಯಾದುದಲ್ಲ. ಸೊನ್ನೆಯಿಂದ ಭಾಗಿಸುವ ಪ್ರಶ್ನೆಯನ್ನು 12ನೆಯ ಶತಮಾನದ ಎರಡನೆಯ ಭಾಸ್ಕರನು ಬೇರೊಂದು ರೀತಿಯಲ್ಲಿ ಪರಿಶೀಲಿಸಿದನು.

ಪ್ರಭಾವ ಮತ್ತು ಪ್ರಕಟಣೆ

ಗಣಿತಸಾರಸಂಗ್ರಹವು ದಕ್ಷಿಣ ಭಾರತದಲ್ಲಿ ಬಹುಕಾಲ ಪಠ್ಯವಾಗಿ ಬಳಕೆಯಲ್ಲಿತ್ತು. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದನು. ವಲ್ಲಭ ಎಂಬ ವಿದ್ವಾಂಸನು ಇದಕ್ಕೆ ಕನ್ನಡದಲ್ಲಿ ವ್ಯಾಖ್ಯಾನ ಬರೆದನು. 12ನೆಯ ಶತಮಾನದಲ್ಲಿ 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮೊದಲಾದ ಕೃತಿಗಳನ್ನು ಕನ್ನಡದಲ್ಲಿಯೇ ರಚಿಸಿದ ರಾಜಾದಿತ್ಯನೂ ಜೈನ ಗಣಿತ ಪರಂಪರೆಗೆ ಸೇರಿದವನು.

ಮುಂದೆ ಈ ಗ್ರಂಥವು ತಾಳೆಗರಿಗಳಲ್ಲಿಯೇ ಉಳಿಯಿತು. 20ನೆಯ ಶತಮಾನದ ಆರಂಭದಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು ಅಲ್ಲಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿ ಇದರ ಪ್ರತಿಗಳನ್ನು ಕಂಡರು. ಅವು ಅಪೂರ್ಣವಾಗಿದ್ದುದರಿಂದ ಮೈಸೂರಿನಿಂದಲೂ, ದಕ್ಷಿಣ ಕನ್ನಡದ ಮೂಡುಬಿದಿರೆಯ ಜೈನ ಮಠದಿಂದಲೂ ಪ್ರತಿಗಳನ್ನು ತರಿಸಿಕೊಳ್ಳಲಾಯಿತು. ಮೂಡುಬಿದಿರೆಯ ತಾಳೆಗರಿಯಿಂದ ಕನ್ನಡ ಲಿಪಿಯಲ್ಲಿ ನಕಲು ಮಾಡಿದ ಪ್ರತಿಯು ಪಾಠವನ್ನು ನಿರ್ಧರಿಸಲು ನೆರವಾಯಿತು. ಧವಳಾ ಗ್ರಂಥಗಳ ಹಳೆಯ ಪ್ರತಿಗಳನ್ನು ಕಾಪಾಡಿಕೊಂಡು ಬಂದ ಊರೂ ಇದೇ. ಮಾನ್ಯಖೇಟದ ಅರಸರ ಕಾಲದ ಗಣಿತವು ಸಾವಿರ ವರ್ಷಗಳ ನಂತರ ಓದುಗರಿಗೆ ದೊರೆತುದರಲ್ಲಿ ಕರಾವಳಿಯ ಬಸದಿ, ಮಠಗಳಲ್ಲಿ ಗರಿಗಳನ್ನು ನಕಲು ಮಾಡಿ ಉಳಿಸಿದ ಲಿಪಿಕಾರರ ಪಾಲು ದೊಡ್ಡದು.

ಅಮೆರಿಕದ ಗಣಿತ ಇತಿಹಾಸಕಾರ ಡೇವಿಡ್ ಯೂಜೀನ್ ಸ್ಮಿತ್ 1908ರಲ್ಲಿ ರೋಮ್ ನಗರದಲ್ಲಿ ನಡೆದ ಅಂತರರಾಷ್ಟ್ರೀಯ ಗಣಿತಜ್ಞರ ಸಮ್ಮೇಳನದಲ್ಲಿ ಈ ಕೃತಿಯನ್ನು ಪರಿಚಯಿಸಿದರು. 1912ರಲ್ಲಿ ರಂಗಾಚಾರ್ಯರ ಇಂಗ್ಲಿಷ್ ಅನುವಾದ ಮತ್ತು ಟಿಪ್ಪಣಿಗಳೊಡನೆ, ಸ್ಮಿತ್ ಅವರ ಪ್ರಸ್ತಾವನೆಯೊಂದಿಗೆ ಮೂಲಗ್ರಂಥವು ಮದರಾಸಿನಲ್ಲಿ ಮುದ್ರಣಗೊಂಡಿತು. 1963ರಲ್ಲಿ ಎಲ್. ಸಿ. ಜೈನ್ ಅವರ ಹಿಂದಿ ಅನುವಾದ ಸೊಲ್ಲಾಪುರದಿಂದ ಪ್ರಕಟವಾಯಿತು. 2000ದಲ್ಲಿ ಪದ್ಮಾವತಮ್ಮ ಅವರ ಕನ್ನಡ ಅನುವಾದವನ್ನೊಳಗೊಂಡ ಆವೃತ್ತಿಯು ಹೊಂಬುಜದಿಂದ ಹೊರಬಂದು, ಕನ್ನಡ ನಾಡಿನಲ್ಲಿ ರಚಿತವಾದ ಈ ಗ್ರಂಥವು ಇಂದಿನ ಕನ್ನಡದಲ್ಲಿ ಓದಲು ದೊರೆಯುವಂತಾಯಿತು.